ಅಳತೆ ಟೇಪು ಹಿಡಿದು ಹಾಗಲವಾಡಿಗೆ

ಪಿಯುಸಿ ಮುಗಿಸಿದ ವರ್ಷ ಗುಬ್ಬಿಯ ಒಂದು ಟೈಲರಿಂಗ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ನನಗಾಗ ಹದಿನೆಂಟು. ಅಂಗಡಿ ನಡೆಸುತ್ತಿದ್ದ ಹೆಂಗಸನ್ನು ಬೀದಿಯೆಲ್ಲ ಅಕ್ಕ ಅನ್ನುತ್ತಿತ್ತು, ನಾವೂ ಹಾಗೇ ಕರೆಯುತ್ತಿದ್ದೆವು. ನಾವು ಅಂದರೆ ನಾನು, ನನ್ನ ಜೊತೆ ಓದಿದ ಗೆಳತಿ. ಅಕ್ಕ ಬಟ್ಟೆ ಕತ್ತರಿಸುತ್ತಿದ್ದರು, ನಾವಿಬ್ಬರೂ ಹೊಲಿಯುತ್ತಿದ್ದೆವು. ಬ್ಲೌಸ್ ಮುಟ್ಟಲು ಬಿಡುತ್ತಿರಲಿಲ್ಲ. ಸ್ಕೂಲ್ ಯೂನಿಫಾರ್ಮ್ ಮಾತ್ರ ನಮ್ಮ ಪಾಲಿಗೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದಾಗ ಅಕ್ಕ ಪೇಪರ್ ಮಡಚಿಟ್ಟು, “ಸರ್ಕಾರದೋರು ಕನಿಷ್ಠ ಕೂಲಿ ಜಾಸ್ತಿ ಮಾಡವ್ರೆ ಕಣ್ರೇ,” ಅಂದರು. ಗೆಳತಿ ಕೂತಲ್ಲೇ ಕುಣಿದಳು. ಅಕ್ಕ ಮಾತ್ರ ನಗಲಿಲ್ಲ.

“ನಿಮ್ಗೆ ಬರ್ಬೇಕಾದ್ದನ್ನ ನಾನು ಇಟ್ಕೊಳ್ಳಲ್ಲ. ಆದ್ರೆ ಇಬ್ರಿಗೂ ದಿನಾ ಪೂರ್ತಿ ಕೊಡೋಷ್ಟು ಬಟ್ಟೆ ಬರ್ತಿಲ್ಲ. ಮುಂದಿನ ತಿಂಗಳಿಂದ ಒಬ್ಳು ಬೆಳಿಗ್ಗೆ ಬನ್ನಿ, ಇನ್ನೊಬ್ಳು ಮಧ್ಯಾಹ್ನ ಬನ್ನಿ.”

ಅರ್ಧ ದಿನಕ್ಕೆ ಹೊಸ ಕೂಲಿ ಅಂದರೆ ಕೈಗೆ ಬರೋದು ಮೊದಲಿಗಿಂತ ಕಡಿಮೆ. ಎದುರಿನ ಮೊಬೈಲ್ ಅಂಗಡಿಯವರು ಆ ವಾರವೇ ಇಬ್ಬರು ಕಾಲೇಜು ಹುಡುಗರನ್ನು ಕೆಲಸದಿಂದ ಬಿಡಿಸಿ, ತಾವೇ ಕೌಂಟರಿಗೆ ನಿಂತರು. ಅವರೇನು ಕೆಟ್ಟವರಲ್ಲ. ಅವರಿಗೂ ಬಾಡಿಗೆ ಕಟ್ಟೋದಿತ್ತು.

ಮನೆಯಲ್ಲಿ ವಿಷಯ ಹೇಳಿದಾಗ ಅಮ್ಮ, “ಹಳೇ ಕೂಲಿನೇ ಕೊಡಿ ಸಾಕು ಅಂತ ಹೇಳು. ಕೆಲ್ಸ ಇದ್ರೆ ಆಯ್ತು ಬುಡು,” ಅಂದಳು. ನನಗೂ ಅದೇ ಸರಿ ಅನ್ನಿಸಿತ್ತು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಗೆಳತಿಗೆ ಅದನ್ನೇ ಹೇಳಿದೆ. ಅವಳಿಗೆ ಸಿಟ್ಟು ಬಂತು.

“ನಾವು ಕಮ್ಮಿ ಹೊಲೀತೀವೇನೇ? ಕೂಲಿ ಯಾಕೆ ಕಮ್ಮಿ ತಗೋಬೇಕು? ಬಟ್ಟೆ ಸಾಲ್ತಿಲ್ಲ ಅಂತ ತಾನೆ ಅಕ್ಕ ಹೇಳಿದ್ದು. ಬಟ್ಟೆ ತರೋಣ.”

ಎಲ್ಲಿಂದ ತರೋದು ಅಂತ ಕೇಳಿದೆ. ಕೇಳುತ್ತಿದ್ದ ಹಾಗೇ ನನಗೇ ಹೊಳೆಯಿತು. ಸರ್ಕಾರಿ ಸ್ಕೂಲಿನಲ್ಲಿ ಯೂನಿಫಾರ್ಮಿನ ಬಟ್ಟೆ ಕೊಡುತ್ತಾರೆ, ಹೊಲಿಸೋದು ಮನೆಯವರ ಜವಾಬ್ದಾರಿ. ಅದಕ್ಕೋಸ್ಕರ ಹಳ್ಳಿಯವರು ಕೆಲಸ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಗುಬ್ಬಿಗೆ ಎರಡೆರಡು ಸಲ ಬರಬೇಕು. ನಾವೇ ಅವರ ಊರಿಗೆ ಹೋದರೆ?

ಅಂಗಡಿಗೆ ಹೋಗಿ ಅಕ್ಕನಿಗೆ ಹೇಳಿದೆವು. ಅಕ್ಕ ತಮ್ಮ ಅಳತೆ ಟೇಪು ತೆಗೆದು ನನ್ನ ಕೊರಳಿಗೆ ಹಾಕಿದರು. “ಬಸ್ ಚಾರ್ಜು ನಂದು. ಒಂದೂ ಆರ್ಡರ್ ಇಲ್ದೆ ಬಂದ್ರೆ ಮಾತ್ರ ನನ್ ಮುಂದೆ ಅಳ್ಬೇಡಿ.”

ಶನಿವಾರ ಹಾಗಲವಾಡಿಗೆ ಹೋದೆವು. ಸ್ಕೂಲಿನಲ್ಲಿ ಅವತ್ತು ಪೋಷಕರ ಸಭೆಯಿತ್ತು. ಹೆಡ್‌ಮಾಸ್ಟರ್ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ವರಾಂಡದಲ್ಲಿ ಕೂತ್ಕೊಳ್ಳಿ. ಯಾರಿಗೂ ಬಲವಂತ ಮಾಡ್ಬೇಡಿ,” ಅಂದರು. ಸುಮಾರು ಹೊತ್ತು ಯಾರೂ ಬರಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಮೊಮ್ಮಗಳ ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಎದುರಿಗೆ ನಿಂತಿತು.

“ಎತ್ಕೊಂಡ್ ಹೋಗ್ಬುಟ್ರೆ ನಿಮ್ಮನ್ನ ಎಲ್ಲಿ ಹುಡುಕ್ಲಿ?”

“ಗುಬ್ಬೀಲಿ ಹುಡುಕು ಅಜ್ಜಿ,” ಅಂದೆ. “ನಮ್ ಮನೆ ತೋರಿಸ್ತೀನಿ, ಅಂಗಡಿ ತೋರಿಸ್ತೀನಿ. ಬೇಡ ಅಂದ್ರೆ ಇವತ್ತು ಅಳತೆ ಮಾತ್ರ ಕೊಡು. ಬಟ್ಟೆ ನಿನ್ ಹತ್ರನೇ ಇರ್ಲಿ.”

ಅಜ್ಜಿ, “ಅಳತೆ ತಗೊಂಡು ಏನ್ ಗಾಳೀಲಿ ಹೊಲೀತೀಯಾ? ತಗೋ,” ಅಂತ ಗಂಟನ್ನೇ ನನ್ನ ಮಡಿಲಿಗೆ ಹಾಕಿತು. ಸುತ್ತ ನಿಂತಿದ್ದ ಹೆಂಗಸರೆಲ್ಲ ನಕ್ಕರು. ಆಮೇಲೆ ಸಾಲು ನಿಂತಿತು. ಗೆಳತಿ ಅಳತೆ ಕೂಗುತ್ತಿದ್ದಳು, ನಾನು ಚೀಟಿ ಬರೆದು ಬಟ್ಟೆಗೆ ಪಿನ್ ಹಾಕುತ್ತಿದ್ದೆ. ಬೆಳೆಯೋ ಮಕ್ಕಳು ಅಂತ ಎಲ್ಲರಿಗೂ ಲಂಗ, ಚಡ್ಡಿಯ ಅಂಚು ಉದ್ದ ಮಡಚೋಣ ಅಂದವಳು ಅವಳೇ. ಸಂಜೆ ಬಸ್ಸಿನಲ್ಲಿ ನಮ್ಮ ಮೂಟೆಗಳಿಗೇ ಒಂದು ಸೀಟು ಬೇಕಾಯಿತು. ಕಂಡಕ್ಟರ್ ಗೊಣಗಿದ, ನಮಗೆ ಕೇಳಿಸಲೇ ಇಲ್ಲ.

ಅಂಗಡಿ ಬಾಗಿಲಲ್ಲಿ ಮೂಟೆ ಇಳಿಸಿದಾಗ ಅಕ್ಕ, “ಅಯ್ಯೋ, ಊರನ್ನೇ ಕಟ್ಕೊಂಡ್ ಬಂದವ್ರೆ,” ಅಂದರು. ಅರ್ಧ ದಿನದ ಮಾತು ಮತ್ತೆ ಬರಲಿಲ್ಲ. ಹೇಳಿದ ದಿನಕ್ಕೆ ಎಲ್ಲ ಹೊಲಿದು ಹಾಗಲವಾಡಿಗೆ ತಲುಪಿಸಿದೆವು. ಅಲ್ಲಿಂದ ಪಕ್ಕದ ಊರಿನವರೂ ಕರೆದರು. ಹಾಗಂತ ಎಲ್ಲ ಸಲೀಸಾಗಲಿಲ್ಲ. ಅಕ್ಕ ಬ್ಲೌಸಿನ ದರ ಏರಿಸಿದ್ದಕ್ಕೆ ಹಳೇ ಗಿರಾಕಿಗಳು ಕೆಲವರು ಬೇರೆ ಕಡೆ ಹೋದರು. ಆ ವರ್ಷ ಕೆಲಸ ಕಲಿಯೋಕೆ ಬಂದ ಇನ್ನೊಬ್ಬ ಹುಡುಗಿಯನ್ನು ಅಕ್ಕ ಸೇರಿಸಿಕೊಳ್ಳಲಿಲ್ಲ. “ಪೂರ್ತಿ ಕೊಡಕ್ಕಾಗ್ದೇ ಇದ್ರೆ ಕರೀಬಾರ್ದು,” ಅಂದರು. ಅವಳು ತಲೆ ತಗ್ಗಿಸಿಕೊಂಡು ಹೋದದ್ದು ಈಗಲೂ ಕಣ್ಣ ಮುಂದಿದೆ.

ಹೊಸ ಕೂಲಿಯ ಮೊದಲ ಸಂಬಳ ಬಂದ ದಿನ ಅಮ್ಮನಿಗೆ ಕೊಟ್ಟೆ. ಅವಳು ಅದನ್ನು ದೇವರ ಮುಂದೆ ಇಟ್ಟು, ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ, “ನನ್ ಮಗಳು ದೊಡ್ಡೋರ ಸಮ ಕೂಲಿ ತಗೋತಾಳೆ,” ಅಂದಳು.

ಈಗ ತುಮಕೂರಿನಲ್ಲಿ ನನ್ನದೇ ಅಂಗಡಿಯಿದೆ. ಗೆಳತಿ ಕುಣಿಗಲ್ಲಿಗೆ ಮದುವೆಯಾಗಿ ಹೋಗಿ ಅಲ್ಲೇ ಮೆಷಿನ್ ಹಾಕಿಕೊಂಡಿದ್ದಾಳೆ. ಕೂಲಿ ಮತ್ತೆ ಏರಿದೆ. ಏರಿದಾಗಲೆಲ್ಲ ನಾನೂ ಬಾಡಿಗೆ, ಆರ್ಡರಿನ ಲೆಕ್ಕ ಎರಡೆರಡು ಸಲ ಹಾಕುತ್ತೇನೆ, ಸುಳ್ಳೇಕೆ ಹೇಳಲಿ? ಆದರೂ ಹೊಲಿಯುವವರಿಗೆ ಕೊಟ್ಟಿದ್ದೇನೆ. ಮೊನ್ನೆ ಕೊತ್ತಗೆರೆ ಕಡೆಯ ಹುಡುಗಿಯೊಬ್ಬಳು ಕೆಲಸ ಕೇಳಿಕೊಂಡು ಬಂದಳು, ಇಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ಸ್ಟೂಲಿನ ಮೇಲೆ ಕೂರುವುದಕ್ಕೂ ಮುಂಚೆಯೇ, “ಗಂಟೆಗೆ ಎಷ್ಟು ಕೊಡ್ತೀರಾ ಅಕ್ಕಾ?” ಅಂತ ನೇರವಾಗಿ ಕೇಳಿದಳು.

ಹೇಳಿದೆ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿ, “ಸರಿಯಾಗಿದೆ,” ಅಂದು ಬ್ಯಾಗು ಕೆಳಗಿಟ್ಟಳು.