ದೆಸಿಮಿರನ ಕಾರಿನ ಉಬ್ಬಸ

ಚಾಚಕ್ ಪೇಟೆಯಲ್ಲಿ ಹಳೆ ಕಾರುಗಳ ಬಿಡಿಭಾಗ ಮಾರುವ ನನಗೆ ದೆಸಿಮಿರನಂಥ ಗಿರಾಕಿ ಇನ್ನೊಬ್ಬ ಸಿಕ್ಕಿಲ್ಲ. ನೆಲಕ್ಕೆ ಕಿವಿಯಿಟ್ಟು ನೀರಿನ ಪೈಪು ಸೋರುವ ಜಾಗ ಹುಡುಕುವುದು ಅವನ ನೌಕರಿಯಾಗಿತ್ತು. ನಿವೃತ್ತನಾದ ಮೇಲೆ ಆ ಕಿವಿಯನ್ನು ತನ್ನ ಹಳೆಯ ಕಾರಿಗೆ ಹಚ್ಚಿದ. ಮರದ ಸೌಟಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ. ಕಣ್ಣು ಮುಚ್ಚಿ ನಿಂತನೆಂದರೆ ಹೃದಯದ ಡಾಕ್ಟರೂ ಅಷ್ಟು ಗಂಭೀರವಾಗಿರುವುದಿಲ್ಲ. ಆಮೇಲೆ ಸೌಟು ಅಡುಗೆಮನೆಗೆ ವಾಪಸು ಹೋಗುತ್ತಿತ್ತು. ಅವರ ಮನೆಯ ಸಾರಿನ ರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಕಾರಿಗೆ ಉಬ್ಬಸ ಹಿಡಿಯಿತು. ಏರು ಕಂಡರೆ ಸಾಕು, ಕಪ್ಪು ಹೊಗೆ ಬಿಟ್ಟು ನಿತ್ರಾಣವಾಗುತ್ತಿತ್ತು. ಪೆಟ್ರೋಲು ಮಾತ್ರ ಬಿಟ್ಟಿ ಸಿಕ್ಕಿದ ಹಾಗೆ ಕುಡಿಯುತ್ತಿತ್ತು. ಬೇರೆ ಸಮಯವಾದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ದೆಸಿಮಿರನ ಗೆಳೆಯನ ಮಗ ಸ್ರೆತೆನ್ ತನ್ನ ಮದುವೆಗೆ ಇವನನ್ನೇ ಕೂಮ್ ಎಂದು ಕರೆದಿದ್ದ. ಕೂಮ್ ಆದವನು ವರನ ಪಕ್ಕ ನಿಂತು ಸಾಕ್ಷಿಯಾಗಬೇಕು. ದಿಬ್ಬಣದ ಮೊದಲ ಕಾರೂ ಅವನದೇ ಆಗಬೇಕು. ಚರ್ಚು ಗುಡ್ಡದ ನೆತ್ತಿಯಲ್ಲಿ.

"ನನ್ನ ಕಾರು ಏರಲ್ಲ ಅಂದ್ರೆ ಹಿಂದಿರೋ ಅಷ್ಟೂ ಕಾರು ಏರಲ್ಲ," ಅಂದ. "ನನ್ನ ಮರ್ಯಾದೆ ಗುಡ್ಡದ ಬುಡದಲ್ಲೇ ಕೂತ್ಬಿಡತ್ತೆ."

"ಬೇರೆಯವರ ಕಾರು ತಗೊಂಡ್ಹೋಗು ಮಾರಾಯ."

"ಬೇರೆಯವರ ಪ್ಯಾಂಟು ಹಾಕ್ಕೊಂಡ್ಹೋಗು ಅಂದ ಹಾಗಾಯ್ತು."

ಸೌಟು ಸ್ಪಾರ್ಕ್ ಪ್ಲಗ್ ಅಂದಿತು, ಕೊಟ್ಟೆ. ಪೆಟ್ರೋಲ್ ಪಂಪು ಅಂದಿತು, ಅದನ್ನೂ ಕೊಟ್ಟೆ. ಅಂಗಳದಲ್ಲಿ ಬಾನೆಟ್ ಎತ್ತಿದ್ದೇ ತಡ, ಬೀದಿಯ ಗಂಡಸರೆಲ್ಲ ರಾಕಿಯಾ ಸಾರಾಯಿಯ ಲೋಟ ಹಿಡಿದು ಬಗ್ಗಿ ನಿಲ್ಲುತ್ತಿದ್ದರು. ಒಬ್ಬ ವಾಲ್ವ್ ಅಂದ, ಇನ್ನೊಬ್ಬ ಕಾರ್ಬುರೇಟರ್ ಅಂದ, ಮತ್ತೊಬ್ಬ ಎಲ್ಲದಕ್ಕೂ ಸರ್ಕಾರವೇ ಕಾರಣ ಅಂದ. ಸರ್ಕಾರ ನನ್ನ ಅಂಗಡಿಯಲ್ಲಿ ಇರಲಿಲ್ಲ, ಕಾರ್ಬುರೇಟರ್ ಇತ್ತು.

ದೆಸಿಮಿರನ ತಾಯಿ ಕ್ರುನಿಯಾ ಮಾತ್ರ ಬಾಗಿಲಲ್ಲಿ ನಿಂತು, "ಆ ಮುಚ್ಚಳ ಹಾಕ್ರೋ, ಗಾಳಿ ಹೊಡಿಯತ್ತೆ," ಅನ್ನುತ್ತಿದ್ದಳು. ನಮ್ಮಲ್ಲಿ ಸೊಂಟ ಹಿಡಿದರೂ ಹಲ್ಲು ನೋವಾದರೂ ಕಿಟಕಿಯಿಂದ ನುಗ್ಗಿದ ಗಾಳಿಯದೇ ತಪ್ಪು. ಹಾಗಾಗಿ ಯಾರೂ ತಲೆಯೆತ್ತಲಿಲ್ಲ.

ಮದುವೆಯ ದಿನ, ನನ್ನನ್ನೂ ಕ್ರುನಿಯಾಳನ್ನೂ ಹತ್ತಿಸಿಕೊಂಡು ಹೊರಟ ಕಾರು ಗುಡ್ಡದ ಅರ್ಧಕ್ಕೆ ಬಂದು ನಿಂತೇಬಿಟ್ಟಿತು. ಹಿಂದೆ ಇಡೀ ದಿಬ್ಬಣ ನಿಂತಿತು. ಸುಮ್ಮನೆ ಕೂರುವುದೇಕೆಂದು ಬ್ಯಾಂಡಿನವರು ಇಳಿದು ನಮ್ಮ ಕಾರಿನ ಹಿಂದೆ ರಸ್ತೆ ತುಂಬಾ ನಿಂತು ಊದತೊಡಗಿದರು. ದೆಸಿಮಿರ್ ಸೌಟು ತಂದಿರಲಿಲ್ಲ. ಎಂಜಿನ್ನಿಗೇ ಕಿವಿಗೊಡಲು ಬಗ್ಗಿ, ಆಸರೆಗೆಂದು ಗಾಳಿ ಎಳೆಯುವ ಕೊಳವೆಯನ್ನು ಹಿಡಿದುಕೊಂಡ. ಹಿಡಿದವನು ಹಾಗೇ ನಿಂತ.

"ಇದು ಉಣ್ಣೆ ಕಣೋ," ಅಂದ.

ಎಳೆದರೆ ಗ್ರೀಸು ಮೆತ್ತಿದ ಕಾಲುಚೀಲ, ಒಂದರೊಳಗೊಂದು ಎರಡು. ಕಾರ್ಬುರೇಟರ್ ಬದಲಿಸುವಾಗಲೂ ಅದನ್ನು ರಬ್ಬರ್ ತುಂಡೆಂದುಕೊಂಡು ಎಲ್ಲರೂ ಜೋಪಾನ ಮಾಡಿದ್ದರು.

"ಅಮ್ಮಾ, ಇದೇನು?"

"ಕಾಲುಚೀಲ," ಅಂದಳು ಕ್ರುನಿಯಾ ಹಿಂದಿನ ಸೀಟಿನಿಂದ.

"ಅದು ಕಾಣತ್ತೆ. ಇಲ್ಯಾಕಿದೆ?"

"ಚಳೀಲಿ ದಿನಾ ಬೆಳಿಗ್ಗೆ ಕೆಮ್ತಿತ್ತು. ನೋಡಿದ್ರೆ ಬಾಯಿ ತೆರ್ಕೊಂಡಿದೆ. ಗಾಳಿ ಹೋಗ್ಬಾರ್ದು ಅಂತ ತೊಡಿಸ್ದೆ."

"ಗಾಳಿ ಹೋಗ್ಲಿ ಅಂತಾನೇ ಆ ಬಾಯಿ ಇರೋದಮ್ಮ."

"ಚಿಕ್ಕವನಿದ್ದಾಗ ನೀನೂ ಹೀಗೇ ಬಾಯಿ ತೆರ್ಕೊಂಡು ಓಡಾಡ್ತಿದ್ದೆ. ಗಂಟಲು ಬಾತು ಮಲಗಿದ್ಯಾರು?"

ದಿಬ್ಬಣದ ಕಾರುಗಳಿಂದ ಇಳಿದು ಬಂದು ಬಗ್ಗಿ ನೋಡುತ್ತಿದ್ದ ಗಂಡಸರೆಲ್ಲ, ತಮಗೆ ಮೊದಲಿಂದಲೂ ಇದೇ ಅನುಮಾನವಿತ್ತು ಅನ್ನತೊಡಗಿದರು. ನಾನೂ ಅಂದೆ.

ದೆಸಿಮಿರ್ ಬಾನೆಟ್ ಮುಚ್ಚಿ ಬಂದು ಕೂತು ಆಕ್ಸಿಲರೇಟರ್ ಒತ್ತಿದ. ಎಷ್ಟೋ ತಿಂಗಳಿಂದ ಉಸಿರು ಕಟ್ಟಿಕೊಂಡಿದ್ದ ಕಾರು, ನಾನು ಬಾಗಿಲು ಸರಿಯಾಗಿ ಹಾಕುವ ಮೊದಲೇ ಹಾರಿತು. ಕ್ರುನಿಯಾ ಶಿಲುಬೆಯ ಗುರುತು ಮಾಡಿಕೊಂಡಳು. ಅವನು ಹಿಂದಿರುಗಿ ನೋಡಲೇ ಇಲ್ಲ. ನೋಡಿದ್ದರೆ ರಸ್ತೆಗಡ್ಡ ನಿಂತಿದ್ದ ಬ್ಯಾಂಡಿನವರೂ ಅವರ ಹಿಂದೆ ಹಾರ್ನ್ ಒತ್ತುತ್ತಿದ್ದ ವರನೂ ಕಾಣುತ್ತಿದ್ದರು.

ಚರ್ಚಿನ ಬಾಗಿಲಲ್ಲಿ ಪಾದ್ರಿ ನಮ್ಮ ಮೂವರನ್ನೂ ಖಾಲಿ ರಸ್ತೆಯನ್ನೂ ನೋಡಿದರು.

"ವರ ಎಲ್ಲಪ್ಪ, ಕೂಮ್?"

ದೆಸಿಮಿರ್ ಬಾನೆಟ್ಟಿಗೆ ಒರಗಿ ಕೋಟು ಸರಿಮಾಡಿಕೊಂಡ.

"ಬರ್ತಾನೆ ಫಾದರ್. ಅವನ ಕಾರು ಸ್ವಲ್ಪ ಏರು ಎಳೆಯಲ್ಲ ಅನ್ಸತ್ತೆ."