ಗುಣವಾದ ಮೇಲೆ ಅಕ್ಕ ಅತ್ತಳು

ಅಕ್ಕನನ್ನು ತಂಬ್ರಹಳ್ಳಿಗೆ ಕೊಟ್ಟಿದ್ದರು. ಹೆರಿಗೆಗೆಂದು ಕೊಟ್ಟೂರಿನ ನಮ್ಮ ಮನೆಗೆ ಬಂದವಳು ಹೆಣ್ಣು ಕೂಸು ಹೆತ್ತಳು. ಬಾಣಂತನ ಮುಗಿಯುವ ಮೊದಲೇ ಮಾತು ಬಿಟ್ಟಳು. ಕೂಸು ಪಕ್ಕದಲ್ಲೇ ಚೀರಿದರೂ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅವಳ ಅತ್ತೆ ಬಂದು ಕೂಸನ್ನು ಎತ್ತಿಕೊಂಡು ಹೋದಾಗಲೂ ತಿರುಗಿ ನೋಡಲಿಲ್ಲ.

ತಿಂಗಳುಗಟ್ಟಲೆ ಗಂಜಿ ಕುಡಿಸಿ ಉಳಿಸಿಕೊಂಡೆವು. ಗುಳಿಗೆಗಳಿಂದ ಏನೂ ಆಗಲಿಲ್ಲ. ಕೊನೆಗೆ ನೀರೂ ಗಂಟಲಿಗೆ ಇಳಿಯದಾದಾಗ ಅಪ್ಪ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ. ತಲೆಗೆ ಕರೆಂಟ್ ಕೊಡಬೇಕು, ಮಂಪರು ಬರಿಸಿಯೇ ಕೊಡುತ್ತೇವೆ, ನೋವಾಗುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಪ್ಪ ಸಹಿ ಹಾಕಿ ಬಂದು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತ.

ಕೆಲವು ಸಲ ಕರೆಂಟ್ ಕೊಟ್ಟ ಮೇಲೆ ಒಂದು ಮುಂಜಾನೆ ನಾನು ಅವಳ ತಲೆ ಬಾಚುತ್ತಿದ್ದೆ. "ಭಾಳ ಸಿಕ್ಕಾಗೇತಲ್ಲ," ಎಂದಳು. ನನ್ನ ಕೈ ಅಲ್ಲೇ ನಿಂತಿತು. ಮರುದಿನ ಇಡ್ಲಿ ತಿಂದಳು. ಆಮೇಲೆ, "ಕೂಸು ಎಲ್ಲೈತಿ?" ಎಂದು ಕೇಳಿದಳು. ಅತ್ತೆ ಒಯ್ದದ್ದು ಅವಳಿಗೆ ನೆನಪೇ ಇರಲಿಲ್ಲ. ನಾನು ಹೇಳಿದೆ. ಅಷ್ಟು ದಿನ ಬಾರದ ಅಳು ಆವತ್ತು ಬಂತು.

ಪೂರ್ತಿ ಗುಣವಾದ ಮೇಲೆ ಅವಳು ಮಗಳ ತಲೆಗೊಂದು ಕುಲಾಯಿ ಹೊಲಿದಳು. ಅಪ್ಪ, ಅಕ್ಕ, ನಾನು ಮೂವರೂ ತಂಬ್ರಹಳ್ಳಿಗೆ ಹೋದೆವು. ಭಾವ ಒಳಗಿದ್ದರೂ ಹೊರಗೆ ಬರಲಿಲ್ಲ. ಅತ್ತೆ ಹೊಸ್ತಿಲಲ್ಲೇ ತಡೆದು ನಿಂತಳು. ಡಾಕ್ಟರು ಹೇಳಿದ್ದನ್ನೆಲ್ಲ ಅಪ್ಪ ಹೇಳಿದ.

"ತಲಿಗೆ ಕರೆಂಟ್ ಕೊಡಿಸ್ಕೊಂಡಾಕಿ ಕೈಯಾಗ ಕೂಸು ಹೆಂಗ ಕೊಡ್ಲಿ?" ಎಂದಳು ಆಕೆ.

"ಆವಾಗ ಆರಾಮ ಇರ್ಲಿಲ್ರಿ ಅತ್ತಿ. ಈಗ ಆರಾಮ ಅದೀನಿ. ನನ್ ಮಾರಿ ನೋಡ್ರಿ," ಎಂದಳು ಅಕ್ಕ.

ಆ ವೇಳೆಗೆ ಕೂಸು ನಡೆಯುತ್ತಿತ್ತು. ಅಜ್ಜಿಯ ಸೀರೆ ಹಿಡಿದು ಇಣುಕಿ, ಅಕ್ಕನನ್ನು ಕಂಡು ಮುಖ ಮುಚ್ಚಿಕೊಂಡಿತು. ಅಕ್ಕ ಹೊಸ್ತಿಲಾಚೆಯೇ ಕುಕ್ಕರಗಾಲಲ್ಲಿ ಕೂತು ಕೈ ಚಾಚಿ ಕುಲಾಯಿ ತೊಡಿಸಲು ನೋಡಿದಳು. ತಲೆಗೆ ಹಿಡಿಯಲಿಲ್ಲ. ಅವಳ ನೆನಪಿನಲ್ಲಿ ಇದ್ದದ್ದು ತಿಂಗಳ ಕೂಸಿನ ತಲೆ.

ಹಿರಿಯರನ್ನು ಕೂಡಿಸಿದರೂ ಮಗಳು ಸಿಗಲಿಲ್ಲ. ಭಾವ ಬೇರೆ ಮದುವೆಯಾದ. ಅಕ್ಕ ನಮ್ಮಲ್ಲೇ ಉಳಿದು ಜಂಪರ್ ಹೊಲಿಯುತ್ತಿದ್ದಳು. ಇನ್ನೊಮ್ಮೆ ಮಂಕು ಕವಿಯತೊಡಗಿದಾಗ ತಾನೇ ಆಸ್ಪತ್ರೆಗೆ ಹೊರಟಳು, ಗುಣವಾಗಿ ಬಂದಳು, ಮತ್ತೆ ಮಗಳಿಗಾಗಿ ಅತ್ತಳು.

ಮಗಳು ಹಗರಿಬೊಮ್ಮನಹಳ್ಳಿಯ ಹೈಸ್ಕೂಲು ಸೇರಿದ್ದು ತಿಳಿದು ಒಮ್ಮೆ ನನ್ನನ್ನು ಕರೆದುಕೊಂಡು ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಗೆಳತಿಯರ ನಡುವೆ ನಿಂತವಳನ್ನು ದೂರದಿಂದಲೇ ನೋಡಿದಳು. ಮಾತಾಡಿಸೋಣ ಬಾ ಎಂದೆ.

"ಬ್ಯಾಡ," ಎಂದಳು. "ನಗಾಕ ಹತ್ಯಾಳ."