ಶೋಫರ್ ಪಾಠ

ಸ್ನೇಹಿತರೇ, ಬಿಡದಿ ಬಳಿಯ ರೆಸಾರ್ಟಿನ ಡ್ರೈವರುಗಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಇಂದು ಪಾಠದ ನಡುವೆ ಮ್ಯಾನೇಜರ್ ನುಗ್ಗಿದರು. "ಡ್ರೈವರ್ ಅನ್ನೋದು ಚೀಪು ಮೇಡಂ. ಶೋಫರ್ ಅಂತ ಕಲ್ಸಿ. ಫ್ರೆಂಚು, ಗೌರವ ಇರುತ್ತೆ."

"ಫ್ರೆಂಚಲ್ಲಿ ಶೋಫರ್ ಅಂದ್ರೆ ಬೆಂಕಿ ಹಾಕೋನು ಸಾರ್. ಉಗಿ ಎಂಜಿನ್ನಿಗೆ ಬೆಂಕಿ ಹಾಕೋನ ಹೆಸರು ಆಮೇಲೆ ಕಾರು ಓಡ್ಸೋನಿಗೆ ಬಂತು. ನಮ್ಮವ್ವ ರಾಮನಗರದಲ್ಲಿ ರೇಷ್ಮೆಗೂಡು ಬೇಯ್ಸೋ ಒಲೆಗೆ ಇಪ್ಪತ್ತು ವರ್ಷದಿಂದ ಸೌದೆ ಹಾಕ್ತಾವ್ಳೆ" ಎಂದೆ.

"ಅದನ್ನೆಲ್ಲ ಇಲ್ಲಿ ಹೇಳ್ಬೇಡಿ" ಎಂದು ಗದರಿದರು. ನಾನು "ಶೋಫರ್ ಅಂದ್ರೆ ಬೆಂಕಿ ಹಾಕೋನು" ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ.

ಹಿರಿಯ ಡ್ರೈವರ್ ಸಿದ್ದಣ್ಣ ಎದ್ದು ನಿಂತರು. "ಹಂಗಾದ್ರೆ ಮೇಡಮ್ಮೋರೆ, ನಿಮ್ಮವ್ವ ನಮ್ಗೆಲ್ಲ ಸೀನಿಯರ್ರು!"

ಮನೆಗೆ ಬಂದು ಹೇಳಿದಾಗಿನಿಂದ ಅವ್ವ ಒಂದೇ ಪ್ರಶ್ನೆ ಕೇಳುತ್ತಿದ್ದಾಳೆ: "ಶೋಫರ್ ಯೂನಿಫಾರಂಗೆ ಅಳತೆ ಯಾವಾಗ ಕೊಡ್ಬೇಕಂತೆ?"